ದೋಹಾದಲ್ಲಿ ಎಪ್ಪತ್ತನೇ ನಿಮಿಷ

ಏಷ್ಯಾದ ಕ್ಲಬ್ ಫುಟ್‌ಬಾಲ್ ಟೂರ್ನಿಯೊಂದರ ಫೈನಲ್ ಪಟ್ಟಿಯಲ್ಲಿ ‘ಬೆಂಗಳೂರು’ ಎಂಬ ಹೆಸರು ಕಾಣಿಸಿಕೊಂಡು 2026ರ ನವೆಂಬರ್ 5ಕ್ಕೆ ಹತ್ತು ವರ್ಷ. ಸೋತದ್ದು ಒಂದೇ ಗೋಲಿನಿಂದ. ನಾವು ಅದನ್ನು ಮರೆತದ್ದು ಮೂರೇ ದಿನದಲ್ಲಿ!

ಗೋಲ್‌ಕೀಪರ್ ಮುಂದಕ್ಕೆ ಬಂದಾಗಿತ್ತು. ಬಂದ ಮೇಲೆ ಹಿಂದಕ್ಕೆ ಓಡುವ ಮಾತೇ ಇಲ್ಲ.

ದೋಹಾದ ಸುಹೈಮ್ ಬಿನ್ ಹಮದ್ ಕ್ರೀಡಾಂಗಣ. 2016ರ ನವೆಂಬರ್ 5, ಶನಿವಾರ ರಾತ್ರಿ. ಅಷ್ಟು ಹೊತ್ತು ಆಡಿದರೂ ಎರಡೂ ಕಡೆ ಸೊನ್ನೆ. ಇರಾಕ್‌ನ ಏರ್‌ಫೋರ್ಸ್ ಕ್ಲಬ್ಬಿನ ಅಮ್ಜದ್ ರಾಧಿ ಬೆಂಗಳೂರಿನ ಡಿಫೆಂಡರುಗಳನ್ನು ಹಿಂದಿಕ್ಕಿ ಪೆನಾಲ್ಟಿ ಆವರಣಕ್ಕೆ ನುಗ್ಗಿದರು. ಅವರಿಗೆ ಅಡ್ಡವಾಗಲು ಲಾಲ್‌ತುವಾಮಾವಿಯಾ ರಾಲ್ಟೆ ಗೋಲು ಬಿಟ್ಟು ಬಂದರು. ರಾಧಿ ತಾವು ಒದೆಯಲಿಲ್ಲ. ಚೆಂಡನ್ನು ಪಕ್ಕಕ್ಕೆ ಸರಿಸಿದರು.

ಅಲ್ಲಿ ಹಮ್ಮಾದಿ ಅಹ್ಮದ್ ಇದ್ದರು. ಇಂಥ ಕಡೆ ಇರುವುದೇ ಅವರ ಕಸುಬು. ಆ ಟೂರ್ನಿಯಲ್ಲಿ ಅದಾಗಲೇ 15 ಗೋಲು ಬಾರಿಸಿದ್ದ ಮನುಷ್ಯ 16ನೆಯದನ್ನೂ ಬಲೆಗೆ ತಳ್ಳಿದರು. ಎಪ್ಪತ್ತನೇ ನಿಮಿಷ. ಸ್ಕೋರ್‌ಬೋರ್ಡಿನ ಮೇಲೆ ಮೂಡಿದ 1–0 ಆಮೇಲೆ ಅಳಿಯಲಿಲ್ಲ.

ಅದಕ್ಕೂ ಮುನ್ನ ಭಾರತದ ಯಾವ ಕ್ಲಬ್ಬೂ ಏಎಫ್‌ಸಿ ಕಪ್ ಫೈನಲ್ ಕಂಡಿರಲಿಲ್ಲ. ಗೋವಾದ ಡೆಂಪೊ 2008ರಲ್ಲಿ, ಕೋಲ್ಕತ್ತದ ಈಸ್ಟ್ ಬೆಂಗಾಲ್ 2013ರಲ್ಲಿ ಸೆಮಿಫೈನಲ್‌ವರೆಗೆ ಬಂದು ಮುಗ್ಗರಿಸಿದ್ದವು. ಫುಟ್‌ಬಾಲ್ ಎಂದರೆ ಬಂಗಾಳ, ಗೋವಾ, ಕೇರಳ ಎಂದು ಬಾಯಿಪಾಠ ಮಾಡಿಕೊಂಡಿದ್ದ ದೇಶದಲ್ಲಿ, ಹುಟ್ಟಿ ಮೂರು ವರ್ಷವಷ್ಟೇ ಆಗಿದ್ದ ಬೆಂಗಳೂರು ಎಫ್‌ಸಿ ಆ ಗೆರೆ ದಾಟಿತ್ತು.

ದಾಟಿದ ಸುದ್ದಿಗೆ ಆಯಸ್ಸು ಸಾಲಲಿಲ್ಲ, ಅಷ್ಟೆ. ಶನಿವಾರ ಫೈನಲ್, ಮಂಗಳವಾರ ರಾತ್ರಿ ಎಂಟಕ್ಕೆ ಪ್ರಧಾನಿ ಟಿ.ವಿ.ಯಲ್ಲಿ ಬಂದರು. ಐನೂರು, ಸಾವಿರದ ನೋಟುಗಳು ರದ್ದಾದವು. ಗುರುವಾರದಿಂದ ಇಡೀ ನಾಡು ಬ್ಯಾಂಕಿನ ಮುಂದೆ ಸಾಲಿನಲ್ಲಿ ನಿಂತಿತು. ಕ್ರೀಡಾಪುಟ ತಿರುವಿ ಹಾಕುವ ಪುರುಸೊತ್ತು ಯಾರಿಗಿತ್ತು?

ಕಿಚ್ಚನೋ, ಚೆಟ್ರಿಯೋ?

ದೊಡ್ಡಬಳ್ಳಾಪುರದ ಬಳಿಯ ನಮ್ಮ ರಾಜಘಟ್ಟದಲ್ಲಿ ಆ ರಾತ್ರಿ ಪಂದ್ಯ ನೋಡಲು ಮೊದಲು ಗೆಲ್ಲಬೇಕಾದದ್ದು ರಿಮೋಟನ್ನು. ದೋಹಾದ ಸಂಜೆ ಏಳು ಎಂದರೆ ಇಲ್ಲಿ ಒಂಬತ್ತೂವರೆ. ಶನಿವಾರ ಆ ಹೊತ್ತಿಗೆ ಮನೆಮನೆಯಲ್ಲೂ ಬಿಗ್ ಬಾಸ್ ನಾಲ್ಕನೇ ಸೀಸನ್ನಿನ ಪಂಚಾಯಿತಿ. ಕಿಚ್ಚ ಸುದೀಪ್ ನಿಂತು ಒಬ್ಬೊಬ್ಬರನ್ನೇ ವಿಚಾರಿಸಿಕೊಳ್ಳುವ ಗಳಿಗೆ. ಮನೆಯಲ್ಲಿ ಚಾನೆಲ್ ಬದಲಿಸುವ ಧೈರ್ಯ ಯಾರಿಗೂ ಇಲ್ಲ.

ಹಾಗಾಗಿ ನಾಲ್ಕೈದು ಜನ ಬಾಗಿಲು ಅರ್ಧ ಎಳೆದುಕೊಂಡ ಟೀ ಅಂಗಡಿಯೊಂದರಲ್ಲಿ ಕೂತಿದ್ದೆವು. ದೀಪಾವಳಿ ಮುಗಿದು ವಾರವಾಗಿತ್ತು. ಭಾರತದ ಕ್ರಿಕೆಟ್ ಪಂದ್ಯವೂ ಇರಲಿಲ್ಲ. ನ್ಯೂಜಿಲೆಂಡ್ ಸರಣಿ ಮುಗಿದಿತ್ತು, ಇಂಗ್ಲೆಂಡ್ ಟೆಸ್ಟ್ ಶುರುವಾಗಿರಲಿಲ್ಲ. ಇಲ್ಲದಿದ್ದರೆ ಅಂಗಡಿಯವರು ಫುಟ್‌ಬಾಲ್ ಹಾಕುತ್ತಿರಲೇ ಇಲ್ಲ ಅನ್ನಿ.

ಮೊದಲರ್ಧ ಮುಗಿಯುವಷ್ಟರಲ್ಲಿ ಒಬ್ಬ ಹುಡುಗನ ಸಹನೆ ತೀರಿತ್ತು.

‘ಏನಣ್ಣ ಇದು, ಮುಕ್ಕಾಲ್ ಗಂಟೆ ಆಯ್ತು, ಒಂದ್ ಗೋಲೂ ಇಲ್ಲ. ಕಬಡ್ಡಿ ಆಗಿದ್ರೆ ಇಷ್ಟೊತ್ಗೆ ಮೂವತ್ತ್ ಪಾಯಿಂಟು.’

ಅವನ ಮಾತಿಗೆ ಕಾರಣವಿತ್ತು. ಹದಿನೈದು ದಿನದ ಹಿಂದಷ್ಟೇ ಅಹಮದಾಬಾದಿನಲ್ಲಿ ಕಬಡ್ಡಿ ವಿಶ್ವಕಪ್ ಫೈನಲ್ ನಡೆದಿತ್ತು. ಇರಾನ್ ವಿರುದ್ಧ ಭಾರತ ಗೆದ್ದದ್ದನ್ನು ಊರೇ ನೋಡಿತ್ತು.

‘ಸುಮ್ನೆ ಕೂತ್ಕೊಳ್ಳೋ. ನಮ್ ಬೆಂಗ್ಳೂರ್ ಟೀಮು’ ಎಂದರು ಅಂಗಡಿಯವರು.

ಹುಡುಗ ಪರದೆಯ ಹತ್ತಿರ ಹೋಗಿ ಬೆನ್ನ ಮೇಲಿನ ಹೆಸರುಗಳನ್ನು ಓದಿದ. ರಾಲ್ಟೆ, ಲಿಂಗ್ಡೊ, ವಾಟ್ಸನ್, ಜಾನ್ಸನ್. ತಿರುಗಿ ಕೇಳಿದ: ‘ಇದ್ರಲ್ಲಿ ನಮ್ಮೋರ್ ಯಾರಣ್ಣ?’

ಯಾರೂ ಉತ್ತರಿಸಲಿಲ್ಲ. ಎರಡನೇ ಅರ್ಧ ಶುರುವಾಗಿತ್ತು. ಆ ಪ್ರಶ್ನೆಗೆ ಆಮೇಲೆ ಬರೋಣ. ಮೊದಲು ಈ ತಂಡ ದೋಹಾ ಮುಟ್ಟಿದ ಕತೆ ಕೇಳಿ. ಫೈನಲ್‌ಗಿಂತ ಅದೇ ಸೊಗಸು.

ಮೂರು ಗೆಲುವು, ಮೂರು ಸೋಲು

ಬೆಂಗಳೂರು ಎಫ್‌ಸಿ ಹುಟ್ಟಿದ್ದು 2013ರ ಜುಲೈನಲ್ಲಿ, ಜೆಎಸ್‌ಡಬ್ಲ್ಯು ಉದ್ಯಮ ಸಮೂಹದ ದುಡ್ಡಿನಿಂದ. ಅಶೋಕನಗರದ ಹಳೆಯ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಮೋಹನ್ ಬಾಗನ್ ಜತೆ 1–1 ಸಮಬಲದಿಂದ ಶುರುವಾದ ಆಟ, ಮೊದಲ ಸೀಸನ್ನಿನಲ್ಲೇ ಐ-ಲೀಗ್ ಪ್ರಶಸ್ತಿಯಲ್ಲಿ ಮುಗಿಯಿತು. ಕೋಚ್ ಇಂಗ್ಲೆಂಡಿನ ಆಶ್ಲಿ ವೆಸ್ಟ್‌ವುಡ್. ನಾಯಕ ಸುನಿಲ್ ಚೆಟ್ರಿ. 2016ರ ಏಪ್ರಿಲ್‌ನಲ್ಲಿ ಕಂಠೀರವ ಕ್ರೀಡಾಂಗಣದಲ್ಲಿ ಸಾಲ್ಗಾಂವ್ಕರ್ ತಂಡವನ್ನು ಸೋಲಿಸಿ ಎರಡನೇ ಸಲ ಲೀಗ್ ಗೆದ್ದರು.

ಆದರೆ ಅದೇ ಹೊತ್ತಿನಲ್ಲಿ ಏಷ್ಯಾದ ಅಂಗಳದಲ್ಲಿ ಪರಿಸ್ಥಿತಿ ಅಷ್ಟಕ್ಕಷ್ಟೇ. ಗುಂಪಿನಲ್ಲಿದ್ದದ್ದು ಮಲೇಷ್ಯಾದ ಜೊಹೊರ್ ದಾರುಲ್ ತಾಜಿಮ್, ಮ್ಯಾನ್ಮಾರಿನ ಅಯೆಯಾವಡಿ ಯುನೈಟೆಡ್, ಲಾವೋಸಿನ ಲಾವೊ ಟೊಯೋಟಾ. ಆರು ಪಂದ್ಯದಲ್ಲಿ ಮೂರು ಗೆಲುವು, ಮೂರು ಸೋಲು. ಸೋಲುಗಳಲ್ಲಿ ಎರಡು ಜೊಹೊರ್ ಕೈಯಲ್ಲೇ. ಆಗ ಯಾರಾದರೂ ಇವರು ಫೈನಲ್‌ಗೆ ಹೋಗುತ್ತಾರೆ ಎಂದಿದ್ದರೆ ನಕ್ಕುಬಿಡುತ್ತಿದ್ದರು.

ಮೇ ತಿಂಗಳಲ್ಲಿ ಹಾಂಗ್‌ಕಾಂಗ್‌ಗೆ ಹೋಗಿ ಕಿಚಿ ತಂಡವನ್ನು 3–2ರಿಂದ ಸೋಲಿಸಿ ಬಂದರು. ಅದರ ಬೆನ್ನಿಗೇ ವೆಸ್ಟ್‌ವುಡ್ ಕ್ಲಬ್ ಬಿಟ್ಟರು. ಟೂರ್ನಿ ನಡುದಾರಿಯಲ್ಲಿರುವಾಗ ಕೋಚ್ ಇಲ್ಲ! ಜುಲೈನಲ್ಲಿ ಬಂದವರು ಸ್ಪೇನ್‌ನ ಆಲ್ಬರ್ಟ್ ರೋಕಾ. ಬಾರ್ಸಿಲೋನಾದಲ್ಲಿ ಫ್ರಾಂಕ್ ರೈಕಾರ್ಡ್‌ಗೆ ಸಹಾಯಕರಾಗಿದ್ದವರು. ಹೊಸ ಸೀಸನ್ನಿನಲ್ಲಿ ಅವರ ಕೈಗೆ ಮೊದಲು ಸಿಕ್ಕ ದೊಡ್ಡ ಕೆಲಸವೇ ಏಷ್ಯಾದ ಕ್ವಾರ್ಟರ್‌ಫೈನಲ್.

---

ಏನಿದು ಏಎಫ್‌ಸಿ ಕಪ್?

ಏಷ್ಯಾದ ಫುಟ್‌ಬಾಲ್ ಒಕ್ಕೂಟ 2004ರಲ್ಲಿ ಆರಂಭಿಸಿದ ಕ್ಲಬ್ ಟೂರ್ನಿ. ಚಾಂಪಿಯನ್ಸ್ ಲೀಗ್‌ಗಿಂತ ಒಂದು ಮೆಟ್ಟಿಲು ಕೆಳಗೆ.

2016ರಲ್ಲಿ ಖಂಡವನ್ನು ಪೂರ್ವ, ಪಶ್ಚಿಮ ಎಂದು ಒಡೆದಿದ್ದರು. ಪೂರ್ವದ ಕ್ಲಬ್ಬಿಗೆ ಪಶ್ಚಿಮದ ಕ್ಲಬ್ಬು ಎದುರಾಗುತ್ತಿದ್ದದ್ದು ಫೈನಲ್‌ನಲ್ಲಿ ಮಾತ್ರ. ಬೆಂಗಳೂರು ಪೂರ್ವದ ಪಾಲಿಗೆ ಬಿದ್ದಿತ್ತು.

ನಾಕೌಟ್‌ನಲ್ಲಿ ಕ್ವಾರ್ಟರ್‌ಫೈನಲ್, ಸೆಮಿಫೈನಲ್ ಎರಡೆರಡು ಪಂದ್ಯ, ಫೈನಲ್ ಒಂದೇ.

ಮೈದಾನದಲ್ಲಿ ಮೂವರು ವಿದೇಶಿಯರು, ಜತೆಗೆ ಏಷ್ಯಾ ಒಕ್ಕೂಟದ ದೇಶದಿಂದ ಇನ್ನೊಬ್ಬರು. ಆಸ್ಟ್ರೇಲಿಯಾ ಆ ಒಕ್ಕೂಟದಲ್ಲೇ ಇರುವುದರಿಂದ ಬೆಂಗಳೂರಿನ ಕ್ಯಾಮರೂನ್ ವಾಟ್ಸನ್ ‘ಏಷ್ಯಾದವರು’!

---

ಸುಟ್ಟ ಬಸ್ಸು, ಗೆದ್ದ ಪಂದ್ಯ

ಆ ಸೆಪ್ಟೆಂಬರ್ ನೆನಪಿದೆಯೇ? ಕಾವೇರಿ ನೀರು ಬಿಡುವ ಕುರಿತ ಸುಪ್ರೀಂ ಕೋರ್ಟ್ ಆದೇಶದ ಬೆನ್ನಿಗೆ ಸೆಪ್ಟೆಂಬರ್ 12ರಂದು ಬೆಂಗಳೂರು ಹೊತ್ತಿ ಉರಿದಿತ್ತು. ಬಸ್ಸುಗಳು ಸಾಲಾಗಿ ಸುಟ್ಟು ಕರಕಲಾಗಿದ್ದವು. ಹಲವು ಠಾಣೆಗಳ ವ್ಯಾಪ್ತಿಯಲ್ಲಿ ಕರ್ಫ್ಯೂ.

ಸಿಂಗಪುರದ ಟ್ಯಾಂಪೈನ್ಸ್ ರೋವರ್ಸ್ ಜತೆಗಿನ ಕ್ವಾರ್ಟರ್‌ಫೈನಲ್ ಇದ್ದದ್ದು ಸರಿಯಾಗಿ ಎರಡು ದಿನ ಬಿಟ್ಟು, 14ರಂದು, ಕಂಠೀರವದಲ್ಲಿ. ಪಂದ್ಯ ನಡೆಯಿತು. ಆರಂಭದಲ್ಲೇ ಸಿ.ಕೆ. ವಿನೀತ್ ಒಂದು ಗೋಲು ಹೊಡೆದರು. ಉಳಿದ ಹೊತ್ತೆಲ್ಲ ಅದನ್ನು ಕಾಯ್ದುಕೊಂಡರು. ವಾರದ ಮೇಲೆ ಸಿಂಗಪುರದಲ್ಲಿ 0–0. ಒಂದೇ ಗೋಲಿನ ಮೇಲೆ ಎರಡು ಪಂದ್ಯ ದಾಟಿದ್ದಾಯಿತು.

ಸೆಮಿಫೈನಲ್‌ಗೆ ಎದುರಾದವರು ಯಾರು? ಮತ್ತದೇ ಜೊಹೊರ್. ಹಿಂದಿನ ವರ್ಷದ ಚಾಂಪಿಯನ್. 2015ರಲ್ಲಿ ಚಾಂಪಿಯನ್ಸ್ ಲೀಗ್ ಅರ್ಹತಾ ಸುತ್ತಿನಲ್ಲಿ ಬೆಂಗಳೂರನ್ನು ಹೆಚ್ಚುವರಿ ಸಮಯದಲ್ಲಿ ಹೊರದಬ್ಬಿದ್ದೂ ಇವರೇ, ಈ ಸಲ ಗುಂಪು ಹಂತದಲ್ಲಿ ಎರಡೂ ಸಲ ಸೋಲಿಸಿದ್ದೂ ಇವರೇ. ಎಲ್ಲಿಗೆ ಹೋದರೂ ಶನಿ ಬಿಡದು ಎಂಬ ಸ್ಥಿತಿ.

ಸೆಪ್ಟೆಂಬರ್ 28ರಂದು ಜೊಹೊರ್ ಅಂಗಳದಲ್ಲಿ 1–1. ಬೆಂಗಳೂರಿನ ಗೋಲು ಶಿಲ್ಲಾಂಗ್ ಹುಡುಗ ಯೂಜೀನ್‌ಸನ್ ಲಿಂಗ್ಡೊ ಅವರದು. ಹೊರಗಿನ ಮೈದಾನದ ಗೋಲಿಗೆ ಆಗ ತೂಕ ಜಾಸ್ತಿ. ತವರಿನಲ್ಲಿ ಗೋಲೇ ಬೀಳದಿದ್ದರೂ ಬೆಂಗಳೂರು ಫೈನಲ್‌ಗೆ.

ಕಂಠೀರವದ ಆ ಬುಧವಾರ

ಅಕ್ಟೋಬರ್ 19. ಈ ಕ್ಲಬ್ಬಿನ ಇತಿಹಾಸದಲ್ಲಿ ಒಂದೇ ರಾತ್ರಿ ಆರಿಸಿಕೊಳ್ಳಿ ಎಂದರೆ ನಾನು ದೋಹಾ ಬಿಟ್ಟು ಇದನ್ನೇ ಆರಿಸಿಕೊಳ್ಳುವವನು.

ಕಂಠೀರವ ಫುಟ್‌ಬಾಲ್‌ಗೆಂದು ಕಟ್ಟಿದ್ದಲ್ಲ. ಗ್ಯಾಲರಿಗೂ ಮೈದಾನಕ್ಕೂ ನಡುವೆ ಓಟದ ಟ್ರ್ಯಾಕ್ ಸುತ್ತಿಕೊಂಡಿದೆ. ಆಟಗಾರರ ಮುಖ ಕಾಣಬೇಕಾದರೆ ಕಣ್ಣು ಕಿರಿದು ಮಾಡಬೇಕು. ಆ ದೂರವನ್ನು ಗಂಟಲಿನಿಂದಲೇ ತುಂಬುವುದನ್ನು ಕಲಿತವರು ‘ವೆಸ್ಟ್ ಬ್ಲಾಕ್ ಬ್ಲೂಸ್’ ಎಂಬ ಅಭಿಮಾನಿ ಬಳಗ. ಪಶ್ಚಿಮದ ಗ್ಯಾಲರಿಯಲ್ಲಿ ನೀಲಿ ಅಂಗಿ ತೊಟ್ಟು ನಿಂತೇ ಪಂದ್ಯ ನೋಡುವ ಗುಂಪು. ಕೂತವರನ್ನು ಎಬ್ಬಿಸುತ್ತಾರೆ, ಡೋಲು ಬಡಿಯುತ್ತಾರೆ. ಕ್ರಿಕೆಟ್ಟಿನ ಮೆಕ್ಸಿಕನ್ ಅಲೆಗೆ ಒಗ್ಗಿಹೋಗಿದ್ದ ನಗರಕ್ಕೆ ಅದು ಹೊಸ ಗೀಳು.

ಹನ್ನೊಂದನೇ ನಿಮಿಷಕ್ಕೆ ಆ ಗ್ಯಾಲರಿಯ ಬಾಯಿ ಕಟ್ಟಿತು. ಜೊಹೊರ್ ನಾಯಕ ಸಫೀಕ್ ರಹೀಮ್ ಗೋಲು ಹೊಡೆದರು. ಜೊಹೊರ್‌ಗೂ ಈಗ ಹೊರಗಿನ ಗೋಲು ಸಿಕ್ಕಿತು; ಬೆಂಗಳೂರಿನ ಲಾಭವೆಲ್ಲ ಹನ್ನೊಂದೇ ನಿಮಿಷದಲ್ಲಿ ನೀರಾಯಿತು. ಮತ್ತದೇ ಕತೆ ಎಂದು ತಲೆ ಮೇಲೆ ಕೈ ಹೊತ್ತವರೇ ಹೆಚ್ಚು.

ನಲವತ್ತೊಂದನೇ ನಿಮಿಷ, ಕಾರ್ನರ್. ಲಿಂಗ್ಡೊ ಒದ್ದ ಚೆಂಡು ಗೋಲಿನ ಮುಂದೆ ಇಳಿಯಿತು. ಚೆಟ್ರಿ ಎತ್ತರದ ಆಳೇನಲ್ಲ, ಐದಡಿ ಏಳಿಂಚು. ಆದರೆ ಎಲ್ಲರಿಗಿಂತ ಅರ್ಧ ಕ್ಷಣ ಮೊದಲೇ ನೆಲ ಬಿಟ್ಟಿರುತ್ತಾರೆ. ತಲೆ ತಾಗಿತು, 1–1. ಮೊತ್ತ 2–2. ಈಗ ತಕ್ಕಡಿ ಎರಡೂ ಕಡೆ ಸಮ.

ಎರಡನೇ ಗೋಲನ್ನು ಈಗಲೂ ಹುಡುಕಿ ನೋಡಬಹುದು. ಅರವತ್ತೇಳನೇ ನಿಮಿಷ. ಪೆನಾಲ್ಟಿ ಆವರಣದ ಹೊರಗೆ, ಬಹಳ ದೂರದಲ್ಲಿ ಚೆಟ್ರಿಗೆ ಚೆಂಡು ಸಿಕ್ಕಿತು. ಯಾರಿಗಾದರೂ ಪಾಸ್ ಕೊಡಬಹುದಿತ್ತು. ಕೊಡಲಿಲ್ಲ. ಅಲ್ಲಿಂದಲೇ ಹೊಡೆದರು. ಚೆಂಡು ಬಲೆಗೆ ಬಿದ್ದಾಗ ಎದ್ದ ಕೂಗು ಕಬ್ಬನ್ ಪಾರ್ಕಿನ ಹಕ್ಕಿಗಳನ್ನೂ ಎಬ್ಬಿಸಿರಬೇಕು.

ಎಪ್ಪತ್ತೈದನೇ ನಿಮಿಷಕ್ಕೆ ಸ್ಪೇನ್‌ನ ಡಿಫೆಂಡರ್ ಹುವಾನನ್ ಇನ್ನೊಂದು ಹೆಡರ್ ಸೇರಿಸಿದರು. 3–1. ಒಟ್ಟು ಮೊತ್ತ 4–2. ಹಾಲಿ ಚಾಂಪಿಯನ್ ಮನೆಗೆ, ಬೆಂಗಳೂರು ದೋಹಾಕ್ಕೆ.

ಆದರೆ ಆ ಸಂಭ್ರಮದ ನಡುವೆಯೇ ಒಂದು ಬಿಲ್ಲು ಬಾಕಿ ಉಳಿದಿತ್ತು. ಗೋಲ್‌ಕೀಪರ್ ಅಮರಿಂದರ್ ಸಿಂಗ್ ಅವರ ಹೆಸರಿಗೆ ಹಳದಿ ಕಾರ್ಡ್‌ಗಳು ಜಮೆಯಾಗಿದ್ದವು. ನಿಯಮದಂತೆ ಒಂದು ಪಂದ್ಯ ಅಮಾನತು. ಆ ಒಂದು ಪಂದ್ಯ ಫೈನಲ್!

ನನ್ನ ಮಟ್ಟಿಗೆ ದೋಹಾದ ಫಲಿತಾಂಶದ ಒಂದು ಪಾಲು ಅಲ್ಲಿಯೇ ಬರೆದಾಗಿತ್ತು. ರಾಲ್ಟೆ ಆ ರಾತ್ರಿ ಚೆನ್ನಾಗಿಯೇ ಆಡಿದರು, ಅವರನ್ನು ದೂರುವಂತಿಲ್ಲ. ಆದರೆ ಟೂರ್ನಿಯುದ್ದಕ್ಕೂ ಗೋಲಿನಲ್ಲಿ ನಿಂತು ಮುಂದಿನ ನಾಲ್ವರು ಡಿಫೆಂಡರುಗಳ ಜತೆ ಕಣ್ಣಲ್ಲೇ ಮಾತಾಡಿಕೊಳ್ಳುವ ಕೀಪರ್ ಬೇರೆ, ಫೈನಲ್‌ಗೆಂದು ಕರೆ ಬಂದ ಕೀಪರ್ ಬೇರೆ.

---

ದೋಹಾ ದಾರಿ (2016)

ಗುಂಪು ಹಂತ: ಜೊಹೊರ್‌ನ ಹಿಂದೆ ಎರಡನೇ ಸ್ಥಾನ

16ರ ಘಟ್ಟ: ಕಿಚಿ (ಹಾಂಗ್‌ಕಾಂಗ್) ವಿರುದ್ಧ 3–2

ಕ್ವಾರ್ಟರ್‌ಫೈನಲ್: ಟ್ಯಾಂಪೈನ್ಸ್ ರೋವರ್ಸ್ (ಸಿಂಗಪುರ) ವಿರುದ್ಧ 1–0, 0–0

ಸೆಮಿಫೈನಲ್: ಜೊಹೊರ್ (ಮಲೇಷ್ಯಾ) ವಿರುದ್ಧ 1–1, 3–1

ಫೈನಲ್: ಏರ್‌ಫೋರ್ಸ್ ಕ್ಲಬ್ (ಇರಾಕ್) ವಿರುದ್ಧ 0–1

---

ಮದುವೆ ಒಂದು ಕಡೆ, ದಿಬ್ಬಣ ಇನ್ನೊಂದು ಕಡೆ

ಆ ಅಕ್ಟೋಬರ್‌ನಲ್ಲಿ ಇನ್ನೊಂದು ವಿಚಿತ್ರವಿತ್ತು. ದೇಶದಲ್ಲಿ ಇಂಡಿಯನ್ ಸೂಪರ್ ಲೀಗ್ ಭರ್ಜರಿಯಾಗಿ ನಡೆಯುತ್ತಿತ್ತು. ಸಿನಿಮಾ ತಾರೆಯರು, ಸಚಿನ್, ಧೋನಿ, ಕೊಹ್ಲಿ ಎಲ್ಲರ ತಂಡಗಳೂ ಅಲ್ಲೇ. ಬೆಂಗಳೂರು ಎಫ್‌ಸಿ ಆಗ ಆ ಲೀಗಿನಲ್ಲಿ ಇರಲಿಲ್ಲ. ಅದರದು ಐ-ಲೀಗ್, ಕ್ಯಾಮೆರಾಗಳ ಕಣ್ಣು ಅತ್ತ ಹೋಗುವುದು ಅಪರೂಪ.

ಚೆಟ್ರಿ, ವಿನೀತ್, ರಿನೊ ಆಂಟೊ ಮೊದಲಾದವರಿಗೆ ಸೂಪರ್ ಲೀಗಿನ ಕ್ಲಬ್ಬುಗಳ ಕರೆ ಇತ್ತು. ಏಷ್ಯಾದ ಪಂದ್ಯ ಮುಗಿಯದೆ ಅವರು ಹೋಗುವಂತಿರಲಿಲ್ಲ. ಭಾರತದ ಕ್ಲಬ್ಬೊಂದು ಖಂಡದ ಫೈನಲ್‌ಗೆ ಸಿದ್ಧವಾಗುತ್ತಿದ್ದಾಗ ಟಿ.ವಿ. ಜಾಹೀರಾತೆಲ್ಲ ಇನ್ನೊಂದು ಲೀಗಿನ ಕಡೆ. ಫೈನಲ್ ಮುಗಿದ ಮೇಲೆ ಚೆಟ್ರಿ ಮುಂಬೈ ಸಿಟಿ ಸೇರಿದರು. ವಿನೀತ್ ಕೇರಳ ಬ್ಲಾಸ್ಟರ್ಸ್ ಸೇರಿ, ಅರ್ಧ ಸೀಸನ್ನಿನಲ್ಲೇ ಐದು ಗೋಲು ಹೊಡೆದು ಆ ವರ್ಷ ಭಾರತೀಯರಲ್ಲಿ ಅತಿ ಹೆಚ್ಚು ಗೋಲಿನ ಆಟಗಾರರಾದರು. ದೋಹಾದಲ್ಲಿ ದೊರಕದೇ ಹೋದ ಗೋಲುಗಳೆಲ್ಲ ಬ್ಲಾಸ್ಟರ್ಸ್ ಪಾಲಾದವು!

ಎದುರಾಳಿಯ ಊರಲ್ಲಿ ಯುದ್ಧ

ಫೈನಲ್ ಪಶ್ಚಿಮದ ಕ್ಲಬ್ಬಿನ ತವರಿನಲ್ಲಿ ನಡೆಯಬೇಕಿತ್ತು. ತವರು ಎಂದರೆ ಬಾಗ್ದಾದ್. ಆದರೆ ಭದ್ರತೆಯ ಕಾರಣಕ್ಕೆ ಇರಾಕ್‌ನಲ್ಲಿ ಅಂತರರಾಷ್ಟ್ರೀಯ ಪಂದ್ಯ ಆಡಿಸುವಂತಿರಲಿಲ್ಲ. ಏರ್‌ಫೋರ್ಸ್ ಕ್ಲಬ್ ತನ್ನ ತವರು ಪಂದ್ಯಗಳನ್ನು ದೋಹಾದಲ್ಲಿ ಆಡುತ್ತಿತ್ತು. ಹೀಗೆ ಕತಾರಿನ ಪುಟ್ಟ ಸ್ಟೇಡಿಯಂ ಇರಾಕಿಗರ ಬಾಡಿಗೆ ಮನೆಯಾಯಿತು.

ಈ ಕ್ಲಬ್ 1931ರಷ್ಟು ಹಳೆಯದು, ಇರಾಕ್ ವಾಯುಪಡೆಯ ನೆರಳಿನಲ್ಲಿ ಬೆಳೆದದ್ದು. ಅರಬ್ಬಿಯಲ್ಲಿ ಅಲ್-ಕುವಾ ಅಲ್-ಜವಿಯಾ. ಅವರು ಸೆಮಿಫೈನಲ್‌ನಲ್ಲಿ ಲೆಬನಾನಿನ ಅಲ್-ಅಹೆದ್ ತಂಡವನ್ನು ದಾಟುತ್ತಿದ್ದ ವಾರದಲ್ಲೇ, ಅಕ್ಟೋಬರ್ 17ರಂದು, ಮೊಸುಲ್ ನಗರವನ್ನು ಐಎಸ್ ಹಿಡಿತದಿಂದ ಬಿಡಿಸಿಕೊಳ್ಳುವ ಕಾಳಗ ಶುರುವಾಗಿತ್ತು. ಫೈನಲ್ ನಡೆದ ರಾತ್ರಿಯೂ ಅದು ನಡೆದೇ ಇತ್ತು. ಇರಾಕಿನ ಎರ್ಬಿಲ್ ಕ್ಲಬ್ 2012ರಲ್ಲೂ 2014ರಲ್ಲೂ ಇದೇ ಕಪ್ಪಿನ ಫೈನಲ್ ಸೋತಿತ್ತು. ಮೂರನೇ ಸಲವೂ ಬರಿಗೈಯಲ್ಲಿ ಹೋಗಲು ಆ ದೇಶ ಸಿದ್ಧವಿರಲಿಲ್ಲ.

ಇದನ್ನೆಲ್ಲ ನಾವು ಅಂದು ಟೀ ಅಂಗಡಿಯಲ್ಲಿ ಕೂತಾಗ ಲೆಕ್ಕಕ್ಕೆ ಹಿಡಿದಿರಲಿಲ್ಲ. ‘ಯಾವ್ದೋ ಮಿಲಿಟ್ರಿ ಟೀಮಂತೆ’ ಎಂಬಲ್ಲಿಗೆ ನಮ್ಮ ತಿಳಿವಳಿಕೆ ನಿಂತಿತ್ತು.

ಪಂದ್ಯವನ್ನು ನೋಡಿದವರು ಒಪ್ಪುತ್ತಾರೆ, ಇರಾಕಿಗರೇ ಮೇಲುಗೈ. ಅವರ ಮೈಕಟ್ಟು ಬೇರೆ, ಓಟ ಬೇರೆ. ಬೆಂಗಳೂರು ಹಿಂದೆ ಸರಿದು, ಸಾಲು ಕಟ್ಟಿ, ಹೊಡೆತಗಳನ್ನು ನುಂಗಿಕೊಂಡು ಕಾದಿತು. ರೋಕಾ ಅವರ ಲೆಕ್ಕ ಹೆಚ್ಚುಕಮ್ಮಿ ಅದೇ ಇದ್ದಿರಬೇಕು: ಕೊನೆಯವರೆಗೆ ಸೊನ್ನೆ ಕಾಯ್ದುಕೊಂಡರೆ ಚೆಟ್ರಿಯಿಂದಲೋ ಕಾರ್ನರ್‌ನಿಂದಲೋ ಒಂದು ಸಿಕ್ಕೀತು. ಜೊಹೊರ್ ಎದುರು ಸಿಕ್ಕಿತ್ತಲ್ಲ. ಎಪ್ಪತ್ತನೇ ನಿಮಿಷದವರೆಗೆ ಲೆಕ್ಕ ತಪ್ಪಿರಲಿಲ್ಲ.

ಸೋತ ಮೇಲೂ ಬೈಯುವಂಥ ಆಟ ಅದಲ್ಲ. ಹಮ್ಮಾದಿ ಟೂರ್ನಿಯ ಶ್ರೇಷ್ಠ ಆಟಗಾರ ಪ್ರಶಸ್ತಿಯನ್ನೂ ಎತ್ತಿಕೊಂಡು ಹೋದರು. ಏರ್‌ಫೋರ್ಸ್ 2017ರಲ್ಲಿ ತಜಿಕಿಸ್ತಾನದ ಇಸ್ತಿಕ್‌ಲೋಲ್ ವಿರುದ್ಧ, 2018ರಲ್ಲಿ ತುರ್ಕ್‌ಮೆನಿಸ್ತಾನದ ಅಲ್ತಿನ್ ಅಸೀರ್ ವಿರುದ್ಧ ಗೆದ್ದು ಸತತ ಮೂರು ಸಲ ಕಪ್ ಎತ್ತಿತು. 2018ರ ಫೈನಲ್ ನಡೆದದ್ದು ಬಸ್ರಾದಲ್ಲಿ. ಕೊನೆಗೂ ಅವರಿಗೆ ಸ್ವಂತ ಮನೆ ಸಿಕ್ಕಿತ್ತು. ಬೆಂಗಳೂರು ಸೋತದ್ದು ಅಂಥವರಿಗೆ.

‘ನಮ್ಮೋರ್ ಯಾರಣ್ಣ?’

ಈಗ ಆ ಹುಡುಗನ ಪ್ರಶ್ನೆ. ಉತ್ತರ ನೇರವಾಗಿಯೇ ಹೇಳಬಹುದು: ದೋಹಾದಲ್ಲಿ ಮೊದಲು ಮೈದಾನಕ್ಕಿಳಿದ ಹನ್ನೊಂದು ಜನರಲ್ಲಿ ಕನ್ನಡ ನಾಡಿನವರು ಯಾರೂ ಇರಲಿಲ್ಲ. ರಾಲ್ಟೆ ಮಿಜೋರಾಂನವರು. ರಿನೊ ಆಂಟೊ ತ್ರಿಶೂರು, ವಿನೀತ್ ಕಣ್ಣೂರು, ಲಿಂಗ್ಡೊ ಶಿಲ್ಲಾಂಗ್. ಚೆಟ್ರಿ ಹುಟ್ಟಿದ್ದು ಸಿಕಂದರಾಬಾದಿನಲ್ಲಿ. ಜಾನ್ಸನ್ ಇಂಗ್ಲೆಂಡ್, ಹುವಾನನ್ ಮತ್ತು ರೂಬಿಯೊ ಸ್ಪೇನ್.

ಬೇಸರವಾಗಬೇಕೇ? ನನಗೇನೂ ಆಗುವುದಿಲ್ಲ. ಬೆಂಗಳೂರಿನ ಯಾವುದೇ ಕಚೇರಿಯ ಹನ್ನೊಂದು ಜನರನ್ನು ಎಣಿಸಿದರೂ ಹೆಚ್ಚುಕಡಿಮೆ ಇದೇ ಪಟ್ಟಿ ಬರುತ್ತದೆ. ನಮ್ಮ ರಾಜಘಟ್ಟದ ಮಣ್ಣು ಅಗೆದಾಗ ಗಂಗರ ಕಾಲದ ಬೌದ್ಧ ಚೈತ್ಯ, ವಿಹಾರದ ಅವಶೇಷ ಸಿಕ್ಕಿತು. ಒಳಗೆ ಪುಟ್ಟ ಸ್ತೂಪ ಅಡಗಿಸಿಟ್ಟ ಮಣ್ಣಿನ ಹರಕೆ ಮುದ್ರಿಕೆಗಳೂ ಸಿಕ್ಕವು. ಹರಕೆ ಒಪ್ಪಿಸಿದವರು ಊರಿನವರೋ ದಾರಿಹೋಕರೋ ಎಂದು ಇಂದು ಯಾರೂ ಕೇಳುವುದಿಲ್ಲ. ರಾಜಘಟ್ಟದ್ದು ಎಂದೇ ಹೇಳಿಕೊಳ್ಳುತ್ತೇವೆ.

ಆದರೆ ಬೇಸರವಾಗುವ ಸಂಗತಿ ಬೇರೆ ಇದೆ. ಒಂದು ಕಾಲದಲ್ಲಿ ಹೊರಗಿನ ತಂಡಗಳಲ್ಲೇ ನಮ್ಮವರು ತುಂಬಿರುತ್ತಿದ್ದರು.

1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಬಾಂಬೆಯಲ್ಲಿ ರೋವರ್ಸ್ ಕಪ್ ಗೆದ್ದಿತು. ಬ್ರಿಟಿಷ್ ಸೇನಾ ತಂಡಗಳ ಸ್ವತ್ತಾಗಿದ್ದ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡ. ಮರುವರ್ಷವೂ ಅದೇ ತಂಡದ ಪಾಲು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ, ಹೆಚ್ಚಿನವರು ಬರಿಗಾಲಲ್ಲೇ ಆಡಿದ ಭಾರತ, ಫ್ರಾನ್ಸ್ ಎದುರು 1–2ರಿಂದ ಸೋತಿತು. ಸ್ವತಂತ್ರ ಭಾರತದ ಒಲಿಂಪಿಕ್ಸ್ ಫುಟ್‌ಬಾಲಿನ ಆ ಮೊದಲ ಗೋಲು ಹೊಡೆದವರು ಮೈಸೂರು ಸಂಸ್ಥಾನದ ಪರ ಆಡುತ್ತಿದ್ದ ಸಾರಂಗಪಾಣಿ ರಾಮನ್. ಯಾವ ನಿಮಿಷದಲ್ಲಿ ಗೊತ್ತೇ? ಎಪ್ಪತ್ತನೆಯದರಲ್ಲಿ!

ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹ್ಮದ್ ಖಾನ್ ಕೋಲ್ಕತ್ತಕ್ಕೆ ಹೋಗಿ ಈಸ್ಟ್ ಬೆಂಗಾಲ್‌ನ ‘ಪಂಚಪಾಂಡವ’ರಲ್ಲಿ ಒಬ್ಬರಾದರು. ಇನ್ನೊಬ್ಬ ಪಾಂಡವ ಕೆ.ಪಿ. ಧನರಾಜ್ ಕೂಡ ಇಲ್ಲಿಯವರೇ. ಸಂತೋಷ್ ಟ್ರೋಫಿಯನ್ನು ಮೈಸೂರು ನಾಲ್ಕು ಸಲ ಗೆದ್ದಿತ್ತು; ಕೊನೆಯದು 1968–69ರಲ್ಲಿ.

ಆಟ ಬೆಳೆದದ್ದು ಕಂಟೋನ್ಮೆಂಟಿನ ಸುತ್ತ. ದಂಡಿನ ಬ್ಯಾರಕ್ಕು, ಆಸ್ಟಿನ್ ಟೌನ್, ಮರ್ಫಿ ಟೌನ್, ಗೌತಮಪುರ. ಸ್ವಾತಂತ್ರ್ಯದ ನಂತರ ಎಚ್‌ಎಎಲ್, ಐಟಿಐ ಕಾರ್ಖಾನೆಗಳು ಫುಟ್‌ಬಾಲ್ ಆಡುವವರಿಗೆ ಕೆಲಸ ಕೊಟ್ಟು ಸಾಕಿದವು. ಕಾರ್ಖಾನೆ ಸೊರಗಿದಂತೆ ತಂಡವೂ ಸೊರಗಿತು. ಎಚ್‌ಎಎಲ್ 2012ರಲ್ಲಿ ಐ-ಲೀಗ್‌ನಿಂದ ಕೆಳಗಿಳಿಯಿತು. ಆ ಖಾಲಿ ಜಾಗಕ್ಕೆ ಮರುವರ್ಷ ಬಂದದ್ದು ಕಾರ್ಪೊರೇಟ್ ಕ್ಲಬ್ಬು.

ಈ ಇಡೀ ಕತೆಯಲ್ಲಿ ಚೆಂಡು ಯಲಹಂಕ ದಾಟಿ ಉತ್ತರಕ್ಕೆ ಉರುಳಲೇ ಇಲ್ಲ. ದೊಡ್ಡಬಳ್ಳಾಪುರದ ಮಗ್ಗದ ಕೇರಿಯಲ್ಲಿ ಟೆನಿಸ್ ಬಾಲ್ ಕ್ರಿಕೆಟ್ಟಿಗೆ ಫ್ಲೆಕ್ಸ್ ಹಾಕಿಸಿ ನಗದು ಬಹುಮಾನ ಇಡುತ್ತಾರೆ. ಹಳ್ಳಿ ಶಾಲೆಯಲ್ಲಿ ವಾಲಿಬಾಲ್ ನೆಟ್ ಇರುತ್ತದೆ. ಕಬಡ್ಡಿಗೆ ಅದೂ ಬೇಡ. ಫುಟ್‌ಬಾಲ್ ಗೋಲುಕಂಬ ಇರುವ ಮೈದಾನ ತೋರಿಸಿ ಎಂದರೆ ಕಾನ್ವೆಂಟ್ ಕಡೆ ಕೈ ತೋರಿಸುತ್ತಾರೆ.

---

ಮರಳುಗಾಡಿನಲ್ಲಿ ಇನ್ನೊಂದು ಫೈನಲ್

ಕೊಲ್ಲಿ ನಾಡು ಕನ್ನಡಿಗರಿಗೆ ಯಾವಾಗಲೂ ಕೈಕೊಡುವುದಿಲ್ಲ. 2023ರ ಮಾರ್ಚ್ 4ರಂದು ಸಂತೋಷ್ ಟ್ರೋಫಿ ಫೈನಲ್ ಸೌದಿಯ ರಿಯಾದ್‌ನಲ್ಲಿ ನಡೆಯಿತು. ಕರ್ನಾಟಕ 3–2ರಿಂದ ಮೇಘಾಲಯವನ್ನು ಸೋಲಿಸಿತು. ಮೈಸೂರು ಹೆಸರಿನಲ್ಲಿ ಗೆದ್ದು 54 ವರ್ಷಗಳಾದ ಮೇಲೆ ಸಿಕ್ಕ ಐದನೇ ಟ್ರೋಫಿ ಅದು.

  

---

ಆಮೇಲಿನ ಮಾತು

2017ರಲ್ಲಿ ಬೆಂಗಳೂರು ಮತ್ತೆ ಫೈನಲ್ ಹತ್ತಿರಕ್ಕೆ ಹೋಯಿತು. ಇಸ್ತಿಕ್‌ಲೋಲ್ ವಿರುದ್ಧ ಹೊರಗೆ 0–1, ತವರಿನಲ್ಲಿ 2–2. ಒಟ್ಟು ಮೊತ್ತದಲ್ಲಿ ಒಂದು ಗೋಲು ಕಡಿಮೆ ಬಿತ್ತು. ಆ ವರ್ಷವೇ ಕ್ಲಬ್ ಸೂಪರ್ ಲೀಗ್ ಸೇರಿತು. 2018–19ರಲ್ಲಿ ಅದನ್ನೂ ಗೆದ್ದಿತು. 2022ರಲ್ಲಿ ಡ್ಯುರಾಂಡ್ ಕಪ್ ಗೆದ್ದಿತು. ಕಪಾಟು ತುಂಬಿತು. ಆದರೆ ಕಂಠೀರವದ ಆ ಅಕ್ಟೋಬರ್ ರಾತ್ರಿಯಷ್ಟು ಎತ್ತರಕ್ಕೆ ಯಾವ ಗೆಲುವೂ ಏರಲಿಲ್ಲ ಎಂಬುದು ನನ್ನ ವಾದ. ಒಳಗಿನ ಲೀಗ್ ಗೆಲ್ಲುವುದು ಮನೆಯವರ ಜತೆಗಿನ ಪಂದ್ಯ, ಜೊಹೊರ್ ಹಾಗಲ್ಲ.

ಈಚಿನ ಸುದ್ದಿ ಅಷ್ಟು ಸಿಹಿಯಲ್ಲ. 2025ರ ಏಪ್ರಿಲ್‌ನಲ್ಲಿ ಸೂಪರ್ ಲೀಗ್ ಫೈನಲ್‌ನಲ್ಲಿ ಮೋಹನ್ ಬಾಗನ್ ಎದುರು ಹೆಚ್ಚುವರಿ ಸಮಯದಲ್ಲಿ ಸೋಲು. ನಾಲ್ಕು ತಿಂಗಳಿಗೆ, ಲೀಗ್ ನಡೆಯುವುದೇ ಅನುಮಾನವಾದಾಗ, ಕ್ಲಬ್ ತನ್ನ ಮುಖ್ಯ ತಂಡದ ಆಟಗಾರರ ಸಂಬಳವನ್ನು ತಡೆಹಿಡಿದಿರುವುದಾಗಿ ಪ್ರಕಟಿಸಿತು. ಏಷ್ಯಾದ ಫೈನಲ್ ಆಡಿದ ಕ್ಲಬ್ಬಿಗೆ ದೇಶದೊಳಗೆ ಆಡಲು ಲೀಗ್ ಇದೆಯೋ ಇಲ್ಲವೋ ಎಂಬ ಸ್ಥಿತಿ ಆಗ ಇತ್ತು.

ಇತ್ತ ಏಎಫ್‌ಸಿ ಕಪ್ ಕೂಡ ಇಲ್ಲ. 2024ರ ಮೇ 5ರಂದು ಮಸ್ಕತ್‌ನಲ್ಲಿ ಕೊನೆಯ ಫೈನಲ್ ನಡೆಯಿತು. ಆಸ್ಟ್ರೇಲಿಯಾದ ಸೆಂಟ್ರಲ್ ಕೋಸ್ಟ್ ಮರೀನರ್ಸ್ ಗೆದ್ದಿತು, ಲೆಬನಾನಿನ ಅಲ್-ಅಹೆದ್ ಸೋತಿತು. ಅದರ ಜಾಗಕ್ಕೆ ‘ಚಾಂಪಿಯನ್ಸ್ ಲೀಗ್ ಟೂ’ ಬಂದಿದೆ. ಎಫ್‌ಸಿ ಗೋವಾ 2025ರಲ್ಲಿ ಅಲ್ಲಿ ಸೌದಿಯ ಅಲ್-ನಸ್ರ್ ತಂಡವನ್ನು ಫತೋರ್ಡಾಕ್ಕೆ ಕರೆಸಿ ಆಡಿತು. ರೊನಾಲ್ಡೊ ಮಾತ್ರ ಬರಲಿಲ್ಲ.

ಹೀಗಾಗಿ ಏಎಫ್‌ಸಿ ಕಪ್ ಫೈನಲ್ ಆಡಿದ ಭಾರತದ ಕ್ಲಬ್ಬುಗಳ ಪಟ್ಟಿಯಲ್ಲಿ ಇರುವುದು ಒಂದೇ ಹೆಸರು. ಟೂರ್ನಿಯನ್ನೇ ಮುಚ್ಚಿದ್ದರಿಂದ ಇನ್ನೊಂದು ಸೇರುವಂತೆಯೂ ಇಲ್ಲ.